ದಿನ ಬಿಟ್ಟು ದಿನ

ದಿನ ಬಿಟ್ಟು ದಿನ ಅಂದ್ರೆ ಏನು ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ದಿನ ಬಿಟ್ಟು ದಿನ ನೀರು ಕಟ್ಟೋದು, ಡೈರಿಯವರು ದಿನ ಬಿಟ್ಟು ದಿನ ಹಿಂಡಿ ಕೊಡೋದು, ಎಲ್ಲ ನಡೀತಾನೇ ಇರುತ್ತೆ. ಆದರೆ ಕ್ರಾನ್‌ಗೆ ಮಾತ್ರ ಈ ಮಾತು ಅರ್ಥವಾಗಲ್ಲ. ಅದು ಅರ್ಥವಾದಂತೆ ನಟಿಸುತ್ತೆ, ತೊಂದರೆ ಇರೋದೇ ಅಲ್ಲಿ.

ಕ್ರಾನ್ ಗೊತ್ತಿಲ್ಲದವರಿಗೆ ಎರಡು ಮಾತು. ಲಿನಕ್ಸ್ ಇರೋ ಕಂಪ್ಯೂಟರಿನೊಳಗೆ ಸದಾ ಎಚ್ಚರವಾಗಿ ಕೂತಿರೋ ಒಂದು ಸಣ್ಣ ಪ್ರೋಗ್ರಾಮು ಅದು. ನಿಮಿಷಕ್ಕೊಮ್ಮೆ ಎದ್ದು ತನ್ನ ಪಟ್ಟಿ ನೋಡುತ್ತೆ, ಈ ನಿಮಿಷಕ್ಕೆ ಮಾಡಬೇಕಾದ ಕೆಲಸ ಇದ್ದರೆ ಮಾಡಿಸುತ್ತೆ, ಇಲ್ಲದಿದ್ದರೆ ಮತ್ತೆ ಸುಮ್ಮನಾಗುತ್ತೆ. ಪಟ್ಟಿಯ ಒಂದೊಂದು ಸಾಲಿನಲ್ಲೂ ಐದು ಮನೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ಯಾವ ಮನೆಯಲ್ಲಿ ಚುಕ್ಕೆ ಹಾಕಿದ್ರೂ "ಯಾವುದಾದ್ರೂ ಸರಿ" ಅಂತ ಅರ್ಥ. 0 18 * * * ಅಂತ ಬರೆದರೆ ದಿನಾ ಸಂಜೆ ಆರು ಗಂಟೆಗೆ. ಈಗ ಡೆಬಿಯನ್‌ನಲ್ಲಿ ಓಡೋದು 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್‌ನ ವಂಶದ್ದೇ. ನನಗಿಂತ ಹಿರಿಯ. ಆಫೀಸಿನಲ್ಲಿ ದಿನಾ ಕಂಡಿರೋದು, ಬ್ಯಾಕಪ್‌ಗೆ, ರಿಪೋರ್ಟ್‌ಗೆ ಎಷ್ಟೋ ಸಲ ಬಳಸಿರೋದು. ಅದನ್ನ ಮನೆಗೆ ತಂದದ್ದು ಅಪ್ಪನ ಮಾತ್ರೆಗೋಸ್ಕರ.

ಅಪ್ಪನ ಹೃದಯದ ಒಂದು ವಾಲ್ವು ಲೋಹದ್ದು. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಚಿತ್ರ ಬರೆದು ವಿವರಿಸೋಕೆ ಶುರು ಮಾಡಿದಾಗ ಅಪ್ಪ ಅರ್ಧಕ್ಕೇ ತಡೆದು, "ಬಾವಿ ಪೈಪಿನ ಫುಟ್‌ವಾಲ್ವ್ ಇದ್ದಂಗೆ ಅಲ್ವಾ ಸಾ, ಹತ್ತಿದ್ದು ವಾಪಸ್ ಇಳೀಬಾರ್ದು" ಅಂದಿದ್ರು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಅದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ ಬಿಡಿ. ಒಂದೇ ವ್ಯತ್ಯಾಸ, ಈ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಗಟ್ಟಿಯಾದ ಒಂದು ಚೂರು ಕಿತ್ತುಕೊಂಡು ಮಿದುಳಿಗೆ ಹೋದ್ರೆ ಪಾರ್ಶ್ವವಾಯು. ಅದಕ್ಕೆ ಜೀವನ ಪೂರ್ತಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಮಾತ್ರೆ. ಮಾತ್ರೆ ಜಾಸ್ತಿ ಆದ್ರೆ ರಕ್ತಸ್ರಾವ, ಕಮ್ಮಿ ಆದ್ರೆ ಹೆಪ್ಪು. ಐಎನ್‌ಆರ್ ಅಂತ ಒಂದು ರಕ್ತ ಪರೀಕ್ಷೆ ಇದೆ, ಅಪ್ಪನಿಗೆ ಅದು 2.5ರಿಂದ 3.5ರ ಒಳಗಿರಬೇಕು. ಆ ಲೆಕ್ಕ ಹೊಂದಿಸೋಕೆ ಡಾಕ್ಟರು ಬರೆದುಕೊಟ್ಟಿದ್ದು ಒಂದು ದಿನ 3 ಮಿಲಿಗ್ರಾಂ, ಒಂದು ದಿನ 2 ಮಿಲಿಗ್ರಾಂ. ಸಂಜೆ ಆರಕ್ಕೆ, ದಿನಾ ಅದೇ ಹೊತ್ತಿಗೆ.

ಸಂಜೆ ಆರಕ್ಕೆ ಅಪ್ಪ ಮನೇಲಿರಲ್ಲ. ತೋಟದಲ್ಲಿರ್ತಾರೆ, ಇಲ್ಲಾ ಅರಳಿಕಟ್ಟೆ ಮೇಲೆ. ಒಂದು ತಿಂಗಳು ಐಎನ್‌ಆರ್ 1.6 ಬಂತು. ಹಾಸನದ ಲ್ಯಾಬಿನಿಂದ ಅಕ್ಕ ವಾಟ್ಸಾಪಲ್ಲಿ ಕಳಿಸಿದ ಆ ಚೀಟಿ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ದಿನಾ ಫೋನ್ ಮಾಡಿದ್ರಾಯ್ತು, ಅದಕ್ಕೇನು ಸರ್ವರ್ ಬೇಕಾ ಅಂತ ಕೇಳಬಹುದು. ಅಕ್ಕನೂ ಅದನ್ನೇ ಕೇಳಿದ್ಲು. ಮಾಡಿ ನೋಡಿದ್ದೀವಿ. ಆರು ಗಂಟೆಗೆ ನನಗೆ ಅಮೆರಿಕದವರ ಜೊತೆ ಮೀಟಿಂಗು, ಅವಳಿಗೆ ಮಕ್ಕಳ ಟ್ಯೂಷನ್ನು. ಅದಕ್ಕಿಂತ ದೊಡ್ಡ ಸಮಸ್ಯೆ ಅಂದ್ರೆ, "ಮಾತ್ರೆ ತಗಂಡ್ರಾ?" ಅಂತ ಮಕ್ಕಳು ಕೇಳಿದ್ರೆ ಅಪ್ಪನ ಉತ್ತರ ಯಾವಾಗ್ಲೂ "ತಗಂಡೆ ತಗಂಡೆ, ಉಂಡ್ಯಾ?" ಅಂತಲೇ. ಎರಡು ಸಲ "ತಗಂಡೆ" ಅಂದ್ರೆ ತಗೊಂಡಿಲ್ಲ ಅಂತ ಅರ್ಥ. ಮಗನ ಮುಂದೆ ಮರೆತೆ ಅಂತ ಒಪ್ಪಿಕೊಳ್ಳೋದು ಅವರಿಗೆ ಆಗದ ಕೆಲಸ. ಮಿಷಿನ್ನಿನ ಮುಂದೆ ಆ ಮುಜುಗರ ಇರಲ್ಲ ಅನ್ನೋದು ನನ್ನ ಲೆಕ್ಕ.

ನಮ್ಮ ಬಾಡಿಗೆ ಮನೆಯ ಶೋಕೇಸಿನ ಮೇಲೆ ಒಂದು ಹಳೇ ಲ್ಯಾಪ್‌ಟಾಪ್ ಇದೆ. ಕೀಲು ಮುರಿದು ಸ್ಕ್ರೀನು ಜೋತು ಬಿದ್ದಿದೆ, ಆದರೆ ಬ್ಯಾಟರಿ ಇನ್ನೂ ಒಂದೂವರೆ ಗಂಟೆ ಬರುತ್ತೆ, ಅದೇ ಅದರ ಯುಪಿಎಸ್ಸು. ಅದರಲ್ಲಿ ಡೆಬಿಯನ್ ಹಾಕಿ ಫೋಟೋ, ಪಹಣಿ ಸ್ಕ್ಯಾನು ಎಲ್ಲ ಇಟ್ಟುಕೊಂಡಿದ್ದೆ. ಅದಕ್ಕೆ ಒಂದು ಹಳೇ ಯುಎಸ್‌ಬಿ ಡಾಂಗಲ್ ಚುಚ್ಚಿ, ಪ್ರೀಪೇಯ್ಡ್ ಸಿಮ್ಮು ಹಾಕಿದೆ. ಗ್ಯಾಮು ಅಂತ ಒಂದು ಪ್ರೋಗ್ರಾಮ್ ಇದೆ, ಡಾಂಗಲ್ಲಿಂದ ಮೆಸೇಜು ಕಳಿಸೋಕೂ, ಬಂದ ಕಾಲ್ ಗುರುತಿಸೋಕೂ ಆಗುತ್ತೆ. ಯೋಜನೆ ಇಷ್ಟೇ: ಆರು ಗಂಟೆಗೆ ಅಪ್ಪನ ಕೀಪ್ಯಾಡ್ ಫೋನಿಗೆ ಒಂದು ಮೆಸೇಜು, ಅದರಲ್ಲಿ ಬರೀ ಒಂದು ಅಂಕಿ, 3 ಅಥವಾ 2. ಅಕ್ಷರ ಬೇಡ, ಕನ್ನಡ ಹೋದ್ರೆ ಆ ಫೋನಲ್ಲಿ ಡಬ್ಬಿ ಡಬ್ಬಿ ಕಾಣುತ್ತೆ. ಹಿಂದೆಯೇ ಒಂದು ರಿಂಗು. ಅಪ್ಪ ಮಾತ್ರೆ ನುಂಗಿ ಅದೇ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಬೇಕು. ಆರೂವರೆಗೆ ಇನ್ನೊಂದು ಸ್ಕ್ರಿಪ್ಟು ಎದ್ದು ನೋಡುತ್ತೆ, ಮಿಸ್ಡ್ ಕಾಲ್ ಬಂದಿಲ್ಲ ಅಂದ್ರೆ ನನಗೂ ಅಕ್ಕನಿಗೂ ಸುದ್ದಿ. ಅಪ್ಪನಿಗೆ ಮಿಸ್ಡ್ ಕಾಲ್ ಅಂದ್ರೆ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಹತ್ತು ವರ್ಷ ಇಡೀ ವ್ಯವಹಾರ ನಡೆದದ್ದೇ ಮಿಸ್ಡ್ ಕಾಲಲ್ಲಿ.

ಈಗ ದಿನ ಬಿಟ್ಟು ದಿನದ ವಿಷಯ. ಕ್ರಾನ್‌ನ ತಾರೀಖಿನ ಮನೆಯಲ್ಲಿ */2 ಅಂತ ಬರೆಯಬಹುದು. ಎಲ್ಲರಿಗೂ ಮೊದಲು ಹೊಳೆಯೋದೂ ಅದೇ, ಹುಡುಕಿದ್ರೆ ಸಿಗೋ ಉತ್ತರವೂ ಅದೇ. ಓದೋಕೆ "ಎರಡು ದಿನಕ್ಕೊಮ್ಮೆ" ಅನ್ನೋ ಹಾಗೇ ಇದೆ. ಆದರೆ ಅದರ ನಿಜವಾದ ಅರ್ಥ 1, 3, 5, 7 ಹೀಗೆ ಬೆಸ ತಾರೀಖುಗಳು. 31ರವರೆಗೂ ಸರಿಯಾಗೇ ಹೋಗುತ್ತೆ. ಮಾರನೇ ದಿನ? ಒಂದನೇ ತಾರೀಖು, ಅದೂ ಬೆಸ. ಬೆಸ ದಿನಕ್ಕೆ 3 ಮಿಲಿಗ್ರಾಂ ಅಂತ ಇಟ್ಟಿದ್ರೆ 31ಕ್ಕೂ 3, 1ಕ್ಕೂ 3. ವರ್ಷಕ್ಕೆ 31 ದಿನದ ತಿಂಗಳು ಏಳು, ಅಂದ್ರೆ ಏಳು ಸಲ ಲೆಕ್ಕ ಜಾರುತ್ತೆ. ಅಧಿಕ ವರ್ಷದಲ್ಲಿ ಫೆಬ್ರವರಿ 29 ಸೇರಿ ಎಂಟು. ಸೆಪ್ಟೆಂಬರ್ ಪೂರ್ತಿ ಟೆಸ್ಟ್ ಮಾಡಿ ನೋಡಿದ್ರೂ ಇದು ಸಿಗಲ್ಲ, ಅದು 30ಕ್ಕೇ ಮುಗಿಯುತ್ತೆ ನೋಡಿ. ಬ್ಯಾಕಪ್ಪು ಒಂದು ದಿನ ಹೆಚ್ಚು ಓಡಿದ್ರೆ ಯಾರಿಗೂ ನಷ್ಟವಿಲ್ಲ, ಹಾಗಾಗಿ ಇದನ್ನ ಯಾರೂ ತಲೆಗೆ ಹಚ್ಚಿಕೊಂಡಿಲ್ಲ.

ಇದೇ ಲೆಕ್ಕ ಅಮ್ಮ ಹೇಗೆ ಮಾಡ್ತಾಳೆ ಅಂತ ಗಮನಿಸಿದೆ. ಗೋಡೆ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕ ಪೆನ್ಸಿಲಲ್ಲಿ 3, 2, 3, 2 ಅಂತ ಬರೀತಾ ಹೋಗ್ತಾಳೆ. ತಿಂಗಳು ಮುಗಿದ ಮೇಲೆ ಹಾಳೆ ಮಗುಚಿ ಹಿಂದಿನ ಹಾಳೆಯ ಕೊನೇ ಅಂಕಿ ನೋಡಿ ಮುಂದುವರಿಸ್ತಾಳೆ. ಅವಳು ಕೇಳೋದು "ನಿನ್ನೆ ಏನು ಕೊಟ್ಟೆ?" ಅಂತ. ಕ್ರಾನ್ ಕೇಳೋದು "ಇವತ್ತು ತಾರೀಖು ಎಷ್ಟು?" ಅಂತ ಮಾತ್ರ. ಅದಕ್ಕೆ ನಿನ್ನೆ ಅನ್ನೋದೇ ಇಲ್ಲ.

ಹಾಗಾಗಿ ಕ್ರಾನ್‌ಗೆ ದಿನಾ ಆರು ಗಂಟೆಗೆ ಎಬ್ಬಿಸೋ ಕೆಲಸ ಮಾತ್ರ ಕೊಟ್ಟು, ಮೂರೋ ಎರಡೋ ಅನ್ನೋ ತೀರ್ಮಾನವನ್ನ ಸ್ಕ್ರಿಪ್ಟಿನ ಒಳಗೆ ಇಟ್ಟೆ. ಯೂನಿಕ್ಸ್ ಲೋಕದಲ್ಲಿ ಕಾಲ ಶುರುವಾಗೋದು 1970ರ ಜನವರಿ 1ರಂದು. ಅಲ್ಲಿಂದ ಇವತ್ತಿನವರೆಗಿನ ಸೆಕೆಂಡುಗಳನ್ನ 86,400ರಿಂದ ಭಾಗಿಸಿದ್ರೆ ಎಷ್ಟನೇ ದಿನ ಅಂತ ಬರುತ್ತೆ. ಅದನ್ನ ಎರಡರಿಂದ ಭಾಗಿಸಿದ್ರೆ ಉಳಿಯೋದು 0 ಅಥವಾ 1. ಆ ಲೆಕ್ಕಕ್ಕೆ ತಿಂಗಳು ಅನ್ನೋದೇ ಇಲ್ಲ, ಹಾಗಾಗಿ ತಿಂಗಳ ಕೊನೆಯೂ ಇಲ್ಲ. ಆ ದಿನ ಬದಲಾಗೋದು ಗ್ರೀನ್‌ವಿಚ್‌ನ ನಡುರಾತ್ರಿಗೆ, ನಮಗೆ ಬೆಳಿಗ್ಗೆ ಐದೂವರೆಗೆ. ಸಂಜೆ ಆರರ ಕೆಲಸಕ್ಕೆ ತೊಂದರೆ ಇಲ್ಲ, ನಸುಕಿನ ನಾಲ್ಕಕ್ಕೆ ಓಡೋ ಕೆಲಸ ಆಗಿದ್ರೆ ಯೋಚನೆ ಮಾಡಬೇಕಿತ್ತು. ಈ ಲೆಕ್ಕವನ್ನ ಕ್ರಾನ್‌ನ ಸಾಲಿನಲ್ಲೇ ಬರೆಯೋಕೆ ಹೋಗಬೇಡಿ. ಅಲ್ಲಿ ಶೇಕಡಾ ಚಿಹ್ನೆ ಕಂಡ್ರೆ ಕ್ರಾನ್ ಅದನ್ನ ಹೊಸ ಸಾಲು ಅಂದುಕೊಂಡು ಕಮ್ಯಾಂಡನ್ನ ಅಲ್ಲಿಗೇ ತುಂಡು ಮಾಡುತ್ತೆ. ತಾರೀಖಿನ ಕಮ್ಯಾಂಡಿನಲ್ಲಿ ಆ ಚಿಹ್ನೆ ಬೇಕೇ ಬೇಕು.

ಟೆಸ್ಟ್ ಮಾಡೋದು ಹೇಗೆ? ಒಂದು ವರ್ಷ ಕಾಯೋಕಾಗಲ್ಲ. ಸ್ಕ್ರಿಪ್ಟಿಗೆ ಹೊರಗಿನಿಂದ ತಾರೀಖು ಕೊಡೋ ಹಾಗೆ ಬರೆದು, 365 ತಾರೀಖನ್ನೂ ಒಂದೊಂದಾಗಿ ಕೊಟ್ಟು, ಮೆಸೇಜು ಕಳಿಸದೆ ಬರೀ ಅಂಕಿ ಮುದ್ರಿಸೋಕೆ ಹೇಳಿದೆ. ಅಕ್ಕಪಕ್ಕದ ಎರಡು ಸಾಲು ಒಂದೇ ಇದ್ರೆ ತೋರಿಸು ಅಂದೆ. ಒಂದೂ ಬರಲಿಲ್ಲ. ಆ ಪಟ್ಟಿಯನ್ನ ಪ್ರಿಂಟ್ ತೆಗೆದು ಊರಿಗೆ ತಗೊಂಡು ಹೋಗಿ ಅಮ್ಮನ ಕ್ಯಾಲೆಂಡರಿನ ಜೊತೆ ಇಟ್ಟು ನೋಡಿದ್ವಿ. ಅಮ್ಮ ಕನ್ನಡಕ ಹಾಕಿಕೊಂಡು ಎರಡು ತಿಂಗಳು ಪೂರ್ತಿ ತಾಳೆ ಮಾಡಿ "ಸರಿ ಐತೆ" ಅಂದ್ಲು. ಆಫೀಸಲ್ಲಿ ಇಷ್ಟು ಶ್ರದ್ಧೆಯಿಂದ ರಿವ್ಯೂ ಮಾಡೋರನ್ನ ನಾನು ಕಂಡಿಲ್ಲ.

ಮೆಸೇಜು ಕಳಿಸದೆ ಓಡಿಸೋ ಈ ಪದ್ಧತಿಗೆ ನಮ್ಮ ಕಸುಬಿನಲ್ಲಿ ಡ್ರೈ ರನ್ ಅಂತಾರೆ. ಅದನ್ನ ಅಪ್ಪನಿಗೆ ಹೇಳಿದ್ದಕ್ಕೆ ಅವರು ಗಾಬರಿಯಾದ್ರು. ಬೋರ್‌ವೆಲ್ ಇರೋರಿಗೆ ಡ್ರೈ ರನ್ ಅಂದ್ರೆ ನೀರಿಲ್ಲದೆ ಮೋಟ್ರು ಓಡಿ ಸುಟ್ಟುಹೋಗೋದು. ತೋಟದ ಸ್ಟಾರ್ಟರ್ ಬಾಕ್ಸಿಗೆ ಅಪ್ಪ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ, ತ್ರೀ ಫೇಸ್ ಕರೆಂಟು ರಾತ್ರಿ ಯಾವ ಹೊತ್ತಿಗೆ ಬಂದ್ರೂ ಮೋಟ್ರು ತಾನೇ ಶುರುವಾಗುತ್ತೆ. ಯೋಚಿಸಿದ್ರೆ ಅದೂ ಕ್ರಾನ್ ಥರವೇ. ಆದರೂ ಅಪ್ಪ ಬ್ಯಾಟರಿ ಹಿಡಕೊಂಡು ಎದ್ದು ಹೋಗ್ತಾರೆ. ಮನೆಗೇ ಮೋಟ್ರು ಸದ್ದು ಕೇಳುತ್ತಲ್ಲ, ಯಾಕೆ ಹೋಗ್ತೀರಾ ಅಂದ್ರೆ ಅವರ ಉತ್ತರ: "ಮೋಟ್ರು ಓಡ್ತದೆ ಸರಿ ಕಣ್ಲಾ. ನೀರು ಕೊನೇ ಪಾತಿಗೆ ಹೋಯ್ತಾ?"

ಕ್ರಾನ್ ವಿಷಯದಲ್ಲಿ ನಾವು ಸಾಮಾನ್ಯವಾಗಿ ಕೇಳಿಸಿಕೊಳ್ಳೋದು ಮೋಟ್ರು ಸದ್ದನ್ನೇ. ಸ್ಕ್ರಿಪ್ಟು ಮುಗಿದಾಗ 0 ಅಂತ ಉತ್ತರ ಕೊಟ್ರೆ ಎಲ್ಲ ಸುಸೂತ್ರ ಅಂತ ಅರ್ಥ. ನನ್ನ ಸ್ಕ್ರಿಪ್ಟಿನ 0 ಹೇಳೋದು ಡಾಂಗಲ್ಲು ಮೆಸೇಜನ್ನ ತೆಗೆದುಕೊಂಡಿತು ಅಂತ ಮಾತ್ರ. ಟವರಿಗೆ ಹೋಯ್ತಾ, ಅಪ್ಪನ ಫೋನಿಗೆ ಬಂತಾ, ಅಪ್ಪ ನೋಡಿದ್ರಾ, ನುಂಗಿದ್ರಾ? ಮಿಸ್ಡ್ ಕಾಲ್ ಬಂತು ಅಂದ್ರೂ ನುಂಗಿದ್ರು ಅಂತ ಅಲ್ಲ. ಅದಕ್ಕೆ ಊರಿಗೆ ಹೋದಾಗಲೆಲ್ಲ ಸ್ಟ್ರಿಪ್ಪಿನಲ್ಲಿ ಉಳಿದಿರೋ ಮಾತ್ರೆ ಎಣಿಸಿ ಲಾಗ್ ಫೈಲಿನ ಜೊತೆ ತಾಳೆ ನೋಡ್ತೀನಿ. ಅಪ್ಪನಿಗೆ ಅದು ಇಷ್ಟವಿಲ್ಲ, "ಪೊಲೀಸ್ ಬಂದ" ಅಂತಾರೆ. ಕೊನೇ ಪಾತಿ ಅಂದ್ರೆ ಐಎನ್‌ಆರ್. ಅದು ತಿಂಗಳಿಗೊಮ್ಮೆ ಗೊತ್ತಾಗೋದು.

ಟರ್ಮಿನಲ್ಲಿನಲ್ಲಿ ನಾವು ಟೈಪ್ ಮಾಡಿದ್ರೆ ಚೆನ್ನಾಗಿ ಓಡೋ ಸ್ಕ್ರಿಪ್ಟು ಕ್ರಾನ್ ಕೈಗೆ ಹೋದ್ರೆ ಓಡದೇ ಇರೋದು ಇನ್ನೊಂದು ಹಳೇ ಕತೆ. ನಾವು ಲಾಗಿನ್ ಆದಾಗ ನಮ್ಮ ಜೊತೆ ಒಂದು ರಾಶಿ ಸೆಟ್ಟಿಂಗು ಬಂದಿರುತ್ತೆ, ಯಾವ ಪ್ರೋಗ್ರಾಮ್ ಎಲ್ಲಿದೆ ಅನ್ನೋದು ಗೊತ್ತಿರುತ್ತೆ. ಕ್ರಾನ್ ಹೆಚ್ಚುಕಮ್ಮಿ ಬರಿಗೈಯಲ್ಲಿ ಬರುತ್ತೆ. ಹಾಗಾಗಿ ಎಲ್ಲ ಪ್ರೋಗ್ರಾಮಿಗೂ ಪೂರ್ತಿ ವಿಳಾಸ ಬರೆದು, ಸೆಟ್ಟಿಂಗನ್ನೆಲ್ಲ ಅಳಿಸಿದ ಖಾಲಿ ಶೆಲ್ಲಿನಲ್ಲಿ ಮೊದಲು ಓಡಿಸಿ ನೋಡಿದೆ. ಆಮೇಲೆ ಮೇನ್ ಸ್ವಿಚ್ ತೆಗೆದು, ಲ್ಯಾಪ್‌ಟಾಪ್ ಆಫಾಗೋವರೆಗೂ ಬಿಟ್ಟು, ಮತ್ತೆ ಹಾಕಿ ನೋಡಿದ್ದೂ ಆಯ್ತು. ರೀಬೂಟ್ ಆದಾಗ ಡಾಂಗಲ್ಲಿನ ಪೋರ್ಟಿನ ಹೆಸರು ಬದಲಾಗೋ ಸಾಧ್ಯತೆ ಇರುತ್ತೆ, ಅದಕ್ಕೆ ಡಾಂಗಲ್ಲಿನದೇ ಗುರುತು ಹಿಡಿದು ಹುಡುಕೋ ಹಾಗೆ ಬರೆದಿದ್ದೆ.

ನನಗೆ ಹೆಚ್ಚು ಭಯ ಇದ್ದದ್ದು ಮೆಸೇಜು ಹೋಗದೇ ಇರೋದರ ಬಗ್ಗೆ ಅಲ್ಲ, ಎರಡು ಸಲ ಹೋಗೋದರ ಬಗ್ಗೆ. ಡಾಕ್ಟರು ಒತ್ತಿ ಹೇಳಿದ್ದ ಮಾತು, ಒಂದು ದಿನ ಮರೆತ್ರೆ ಮಾರನೇ ದಿನ ಡಬಲ್ ತಗೋಬೇಡಿ ಅಂತ. ಸರ್ವರ್ ಲೋಕದ ಬುದ್ಧಿ ಇದಕ್ಕೆ ಪೂರ್ತಿ ಉಲ್ಟಾ. ತಪ್ಪಿಹೋದ ಕೆಲಸವನ್ನ ಮೆಷಿನ್ ಎದ್ದ ತಕ್ಷಣ ಮಾಡಿ ಮುಗಿಸಬೇಕು ಅನ್ನೋದು ಅಲ್ಲಿನ ಧರ್ಮ. ಅನಾಕ್ರಾನ್ ಇರೋದೇ ಅದಕ್ಕೆ, ಸಿಸ್ಟಮ್‌ಡಿ ಟೈಮರಿನಲ್ಲೂ ಅದಕ್ಕೊಂದು ಸೆಟ್ಟಿಂಗ್ ಇದೆ. ಬ್ಯಾಕಪ್‌ಗೆ ಅದು ಸರಿ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಎದ್ದು, "ಓಹೋ ಆರು ಗಂಟೆಯದು ಬಾಕಿ ಇದೆ" ಅಂತ ಅಪ್ಪನಿಗೆ 3 ಅಂತ ಕಳಿಸಿದ್ರೆ? ಅಷ್ಟರಲ್ಲಿ ಅಮ್ಮ ಕ್ಯಾಲೆಂಡರ್ ನೋಡಿ ಕೊಟ್ಟಿದ್ರೆ? ಅದಕ್ಕೆ ಸ್ಕ್ರಿಪ್ಟಿನಲ್ಲಿ ಮೊದಲ ಪ್ರಶ್ನೆಯೇ ಗಂಟೆ ಎಷ್ಟು ಅಂತ. ಆರೂಕಾಲು ದಾಟಿದ್ರೆ ಅಪ್ಪನಿಗೆ ಏನೂ ಕಳಿಸದೆ ನನಗೆ ಹೇಳಿ ಸುಮ್ಮನಾಗುತ್ತೆ. ಕಳಿಸೋಕೆ ಮುಂಚೆಯೇ ಆ ದಿನದ ತಾರೀಖಿನ ಹೆಸರಲ್ಲಿ ಒಂದು ಖಾಲಿ ಫೈಲು ಮಾಡುತ್ತೆ, ಆ ಫೈಲು ಇದ್ರೆ ಮತ್ತೆ ಕಳಿಸಲ್ಲ. ನಡುವೆ ಕೆಟ್ಟು ನಿಂತ್ರೆ ಮೆಸೇಜು ಹೋಗದೇ ಉಳಿಯಬಹುದು, ಉಳೀಲಿ. ಎರಡು ಸಲ ಹೋಗೋದಕ್ಕಿಂತ ಅದು ವಾಸಿ, ಹೋಗದಿದ್ರೆ ಹೇಳೋಕೆ ಆರೂವರೆಯ ಕಾವಲುಗಾರ ಇದ್ದಾನೆ. ಇದನ್ನ ಟೆಸ್ಟ್ ಮಾಡೋಕೆ ಅಪ್ಪನ ನಂಬರಿನ ಜಾಗದಲ್ಲಿ ನನ್ನ ಇನ್ನೊಂದು ನಂಬರ್ ಹಾಕಿ, ಸ್ಕ್ರಿಪ್ಟನ್ನ ಒಂದೇ ನಿಮಿಷದಲ್ಲಿ ಹತ್ತು ಸಲ ಓಡಿಸಿದೆ. ಒಂದೇ ಮೆಸೇಜು ಬಂತು.

ಆ ಕಾವಲುಗಾರ ನನಗೆ ಸುದ್ದಿ ಮುಟ್ಟಿಸೋ ದಾರಿಯ ಬಗ್ಗೆಯೂ ತಲೆ ಕೆಡಿಸಿಕೊಳ್ಳಬೇಕಾಯ್ತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಕೈತಪ್ಪಿ ಮುಖ್ಯ ಡೇಟಾಬೇಸನ್ನೇ ಅಳಿಸಿದ. ಬ್ಯಾಕಪ್ ಇದೆಯಲ್ಲ ಅಂತ ನೋಡಿದ್ರೆ ಆ ಜಾಗ ಖಾಲಿ. ಬ್ಯಾಕಪ್ ತೆಗೆಯೋ ಪ್ರೋಗ್ರಾಮಿನ ಆವೃತ್ತಿ ಹಳೇದು, ಡೇಟಾಬೇಸಿನದು ಹೊಸದು, ಓಡಿದಾಗಲೆಲ್ಲ ಫೇಲಾಗ್ತಿತ್ತು. ಫೇಲಾಗಿದೆ ಅಂತ ಕ್ರಾನ್ ಮೇಲ್ ಕಳಿಸ್ತಾನೂ ಇತ್ತು, ಆ ಮೇಲುಗಳಿಗೆ ಸರಿಯಾದ ಸಹಿ ಇಲ್ಲ ಅಂತ ತಲುಪಬೇಕಾದ ಕಡೆ ತಿರಸ್ಕಾರ ಆಗ್ತಿತ್ತು. ಆ ಇಂಜಿನಿಯರೇ ಸುಮಾರು ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಅವರನ್ನ ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದ್ರು, ದೊಡ್ಡ ಗುಣ.

ಓದಿದಾಗಿಂದ ನನಗೆ ಅದು ಮನಸ್ಸಲ್ಲಿ ಕೂತಿದೆ. ನನ್ನ ಕತೆಯಲ್ಲಿ ಆ ಮೇಲ್ ಯಾವುದು ಅಂತ ಹುಡುಕಿದ್ರೆ, ಸಿಮ್ಮು. ರೀಚಾರ್ಜ್ ವ್ಯಾಲಿಡಿಟಿ ಮುಗಿದ ದಿನ ಹೊರಗೆ ಏನೂ ಹೋಗಲ್ಲ. ಅಪ್ಪನಿಗೆ ಮೆಸೇಜು ಹೋಗಲಿಲ್ಲ ಅನ್ನೋ ಸುದ್ದಿಯೂ ಅದೇ ಸಿಮ್ಮಿನಿಂದ ಬರಬೇಕು ಅಂದ್ರೆ ಬಂದ ಹಾಗೇ. ಅದಕ್ಕೆ ನಮಗೆ ಬರೋ ಸುದ್ದಿ ಮನೆಯ ಬ್ರಾಡ್‌ಬ್ಯಾಂಡ್ ಮೂಲಕ ಟೆಲಿಗ್ರಾಂನಲ್ಲಿ. ಲ್ಯಾಪ್‌ಟಾಪೇ ಸತ್ತರೆ ಅದೂ ಇಲ್ಲ, ಅದಕ್ಕೆ ಹೊರಗಿನ ಒಂದು ಉಚಿತ ಸೇವೆಗೆ ದಿನಾ ಆರೂವರೆಗೆ "ಇದ್ದೀನಿ" ಅಂತ ಹೇಳೋ ಏರ್ಪಾಡು. ಹೇಳದಿದ್ರೆ ಅವರು ನನಗೆ ತಿಳಿಸ್ತಾರೆ. ಸಿಮ್ಮು ಕಿತ್ತು ನೋಡಿದೆ, ಇಂಟರ್ನೆಟ್ ಕಿತ್ತು ನೋಡಿದೆ, ಎರಡೂ ಸಲ ನನಗೆ ಸುದ್ದಿ ಬಂತು.

ಪೂರ್ತಿ ಲ್ಯಾಪ್‌ಟಾಪನ್ನೇ ಆಫ್ ಮಾಡಿ ನೋಡೋದು ಬಾಕಿ ಇತ್ತು. ಅದನ್ನ ಒಂದು ಗುರುವಾರ ಮಾಡಿದೆ. ಅಕ್ಕನಿಗೆ ಮಾತ್ರ ಹೇಳಿದ್ದೆ, ಆರೂವರೆಗೆ ಅವಳು ಊರಿಗೆ ಫೋನ್ ಮಾಡೋದು ಅಂತ ಮಾತಾಗಿತ್ತು. ನಾನು ಮೀಟಿಂಗಲ್ಲಿ ಕೂತು ಆ ಸೇವೆಯವರ ಎಚ್ಚರಿಕೆ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ. ಅದು ಬರೋಕೆ ಮುಂಚೆ, ಆರು ಗಂಟೆ ಹತ್ತು ನಿಮಿಷಕ್ಕೆ, ಅಪ್ಪನ ಫೋನು. ಮಿಸ್ಡ್ ಕಾಲಲ್ಲ, ಕಾಲೇ. ಮ್ಯೂಟ್ ಮಾಡಿ ಎದ್ದು ಹೊರಗೆ ಬಂದೆ.

"ಯಾಕ್ಲಾ, ನಿನ್ ಮಿಷಿನ್ನು ಮಲ್ಗಿಬುಡ್ತಾ ಇವತ್ತು?"

"ಟೆಸ್ಟ್ ಮಾಡ್ತಿದ್ದೆ ಅಪ್ಪಾ. ಮಾತ್ರೆ?"

"ತಗಂಡೆ. ಎರಡರದ್ದು. ನಿಮ್ಮವ್ವ ಕ್ಯಾಲೆಂಡ್ರು ನೋಡಿ ಕೊಟ್ಲು." ಒಂದೇ ಸಲ ಹೇಳಿದ್ರು, ತಗಂಡೆ ಅಂತ. "ಆರು ಗಂಟೆ ಆದ್ರೂ ಸದ್ದಿಲ್ಲ ಅಂದ್ಮೇಲೆ ನೋಡ್ಬೇಕಲ್ಲ ಏನಾಗದೆ ಅಂತ."

ಇಂಥ ಕಾವಲುಗಾರ ನನ್ನ ಚಿತ್ರದಲ್ಲಿ ಇರಲೇ ಇಲ್ಲ. ಆಮೇಲೆ ಬರೆದು ಸೇರಿಸಿದೆ. ಹೊರಗಿನ ಸೇವೆಯ ಎಚ್ಚರಿಕೆ ಆರೂ ನಲವತ್ತಕ್ಕೆ ಬಂತು, ಅಪ್ಪನಿಗಿಂತ ಅರ್ಧ ಗಂಟೆ ತಡವಾಗಿ.

ಅದಾದ ಮೇಲಿನ ಎರಡು ತಿಂಗಳು ಐಎನ್‌ಆರ್ 2.7 ಬಂತು, 2.8 ಬಂತು. ಈ ತಿಂಗಳು 2.3. ಸ್ಟ್ರಿಪ್ಪಿನಲ್ಲಿ ಮಾತ್ರೆ ಎಣಿಸಿದೆ, ಒಂದೂ ತಪ್ಪಿಲ್ಲ. ಡಾಕ್ಟರು ಊಟದಲ್ಲಿ ಸೊಪ್ಪು ಜಾಸ್ತಿ ಆಯ್ತಾ ಅಂತ ಕೇಳಿದ್ರು. ಮಳೆ ಬಿದ್ದ ಮೇಲೆ ನಮ್ಮ ಮನೇಲಿ ಬೆರಕೆ ಸೊಪ್ಪಿನ ಸಾರು ಬಿಟ್ಟು ಬೇರೆ ಏನಿರುತ್ತೆ? ಆ ಮಾತ್ರೆಗೂ ಸೊಪ್ಪಿಗೂ ಆಗಿಬರಲ್ಲ. ಸೊಪ್ಪು ಬಿಡೋದು ಬೇಡ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ಇರಲಿ ಅಂತ ಹೇಳಿ ಮಾತ್ರೆಯ ಲೆಕ್ಕ ಬದಲಾಯಿಸಿದ್ದಾರೆ: ಎರಡು ದಿನ 3, ಒಂದು ದಿನ 2. ಅಂದ್ರೆ ಇನ್ನು ಮುಂದೆ ಎರಡರ ಬದಲು ಮೂರರಿಂದ ಭಾಗಿಸಬೇಕು. "ಅಕ್ಕಪಕ್ಕ ಒಂದೇ ಇದ್ರೆ ತೋರಿಸು" ಅನ್ನೋ ನನ್ನ ಹಳೇ ಟೆಸ್ಟು ಕೆಲಸಕ್ಕೆ ಬರಲ್ಲ, ಮೂರು ದಿನ ಒಟ್ಟಿಗೆ ನೋಡಿ ಮೊತ್ತ 8 ಬರುತ್ತಾ ಅಂತ ಕೇಳಬೇಕು. ಅಮ್ಮ ಆಗಲೇ ಡಿಸೆಂಬರ್ ತನಕ ಪೆನ್ಸಿಲಲ್ಲಿ ಬರೆದು ಮುಗಿಸಿದ್ದಾಳೆ. ನನ್ನ ಪಟ್ಟಿ ಯಾವಾಗ ತರ್ತೀಯಾ ಅಂತ ನಿನ್ನೆ ಕೇಳಿದ್ಲು.